ಹಗ್ಗ ಗಿಡ್ಡ ಹಿಡಿಯುವ ಕೆಲಸ

ಕುದುರೆ ಲಾಯದಲ್ಲಿ ಕೆಲಸಕ್ಕೆ ಸೇರುತ್ತೇನೆ ಅಂತ ಈಚೆಗೆ ಕೆಲವು ಹುಡುಗಿಯರು ನನ್ನನ್ನು ವಿಚಾರಿಸಿಕೊಂಡು ಬಂದರು. ಕೊಯಮತ್ತೂರಿನ ಸುತ್ತ ಈಗ ಸವಾರಿ ಕಲಿಸುವ ಜಾಗಗಳು ಹೆಚ್ಚಾಗಿವೆ, ಆಳು ಬೇಕು. ಬಂದವರೆಲ್ಲ ಕೇಳಿದ್ದು ಕುದುರೆ ಒದೆಯುತ್ತದಾ ಅಂತ. ಒದೆಯುತ್ತದೆ. ಕಚ್ಚುತ್ತದೆ ಕೂಡ. ಅದನ್ನು ತಡೆದುಕೊಳ್ಳಬಹುದು. ತಡೆದುಕೊಳ್ಳಲು ಆಗದ್ದು ಜನ ಕೇಳುವ ಪ್ರಶ್ನೆ.

ಬಸ್ಸಿನಲ್ಲಿ ಪಕ್ಕ ಕೂತವಳು, ಮದುವೆ ಪಂಕ್ತಿಯಲ್ಲಿ ಎಲೆ ಮುಂದೆ ಕೂತವನು, ರೇಷನ್ ಅಂಗಡಿಯವನು, ಎಲ್ಲರದೂ ಒಂದೇ. "ಓಡೋದು ಕುದುರೆ, ಮೆಡಲು ಮಾತ್ರ ಮೇಲೆ ಕೂತವರಿಗಾ? ಇದನ್ನ ಹೆಂಗೆ ಒಲಿಂಪಿಕ್ಸಲ್ಲಿ ಇಟ್ಟವ್ರೆ?" ಲದ್ದಿ ಬಾಚುವವಳನ್ನು ಕೇಳಿದರೆ ನಾನೇನು ಹೇಳಲಿ? ನಾನಾ ಇಟ್ಟದ್ದು? ಉತ್ತರ ಹೇಳಿ ಹೇಳಿ ಬಾಯಿ ಒಣಗಿ, ಕೊನೆಗೆ ನೀವು ಕೂಡ ಇದೇ ಕೆಲಸಕ್ಕೆ ಬರುತ್ತೀರಿ, ನಿಮ್ಮನ್ನೂ ಕೇಳುತ್ತಾರೆ ಅಂತ ಇದನ್ನು ಬರೆದಿದ್ದೇನೆ. ನನಗೆ ಕನ್ನಡ ಅಕ್ಷರ ಬಾರದು. ಮನೆಯಲ್ಲಿ ಆಡುವುದು ಕನ್ನಡ, ಇಸ್ಕೂಲಿನಲ್ಲಿ ಕಲಿತ ನಾಲ್ಕಕ್ಷರ ತಮಿಳು. ತಮಿಳಲ್ಲಿ ಗೀಚಿದ್ದನ್ನು ಚಾಮರಾಜನಗರದ ಕಡೆಯಿಂದ ಬಂದ ಮೊಮ್ಮಗನ ಹೆಂಡತಿ ಕನ್ನಡಕ್ಕೆ ಇಳಿಸಿದಳು. ಬೈಗುಳ ತೆಗೆದಿದ್ದಳು. ಒಂದೆರಡು ಕಡೆ ಮತ್ತೆ ಹಾಕಿಸಿದೆ.

ಮೊದಲು ನಾನಿದ್ದದ್ದು ಪೆರಿಯನಾಯಕನಪಾಳ್ಯದ ಒಂದು ನೂಲು ಮಿಲ್ಲಿನಲ್ಲಿ. ಯಂತ್ರದ ಕೆಳಗೆ ಬಿದ್ದ ಹತ್ತಿ ಗುಡಿಸುವ ಕೆಲಸ. ಮಿಲ್ಲಿನ ಒಂದು ಭಾಗ ಮುಚ್ಚಿದಾಗ ಹಿಂದಿನ ಗೋಡೌನು ಖಾಲಿ ಬಿತ್ತು. ಮಿಲ್ಲಿನ ಯಜಮಾನರು, ನಾವು ಮೊದಲಾಳಿ ಅನ್ನುತ್ತಿದ್ದವರು, ಅವರ ಮಗಳು ಮಧು ಊಟಿಗೆ ಹೋದಾಗ ಕುದುರೆ ಹತ್ತಿ, ಇಳಿಯಲ್ಲ ಅಂತ ಹಟ ಹಿಡಿದವಳು. ಆ ಹಟಕ್ಕೆ ಗೋಡೌನು ಲಾಯವಾಯಿತು. ಬೆಂಗಳೂರಿನ ರೇಸಿನಲ್ಲಿ ಓಡಿ ಸುಸ್ತಾಗಿ ಹೊರಬಿದ್ದ ಒಂದು ಕೆಂಚು ಬಣ್ಣದ ಗಂಡು ಕುದುರೆಯನ್ನು ತಂದರು. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷು ಹೆಸರಿತ್ತು. ನಾನು ಕರೆದದ್ದು ಕೆಂದ ಅಂತ.

ನನಗೆ ಆ ಕೆಲಸ ಸಿಕ್ಕಿದ ರೀತಿ ಕೇಳಿ. ಒಂದು ದಿನ ಮೊದಲಾಳಿ ಮಿಲ್ಲಿನೊಳಗೆ ಬಂದು ಎಲ್ಲರ ಎದುರಿಗೆ, "ರಂಗಮ್ಮಾ, ನಿಮ್ಮ ಮನೇಲಿ ಕನ್ನಡ ತಾನೇ ಮಾತಾಡೋದು?" ಅಂದರು.

"ಆಮಾಂಗ, ಹೌದು," ಅಂದೆ.

"ಹೊಸ ಕುದುರೆ ಬೆಂಗಳೂರಿಂದು. ನಮ್ಮವರು ತಮಿಳಲ್ಲಿ ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ. ನಾಳೆಯಿಂದ ನೀವು ಅಲ್ಲಿ."

ಹೋದೆ. ಬಾಗಿಲ ಹತ್ತಿರ ನಿಂತು, "ಬಾರಪ್ಪಾ ಕೆಂದಾ, ಬಾ ನನ್ನ ರಾಜಾ," ಅಂತ ಅಚ್ಚ ಕನ್ನಡದಲ್ಲಿ ಕರೆದೆ. ಬಂದು ನನ್ನ ರವಿಕೆ ತೋಳು ಕಚ್ಚಿ ಹರಿದುಹಾಕಿತು. ಅದನ್ನು ಲಾರಿಯಲ್ಲಿ ತಂದಿದ್ದ ಬೆಂಗಳೂರಿನವನು ಇನ್ನೂ ಅಲ್ಲೇ ಇದ್ದ. ನಕ್ಕು ನಕ್ಕು ಗೋಡೆ ಹಿಡಿದುಕೊಂಡ. "ಅಜ್ಜೀ, ರೇಸಿನ ಲಾಯದಲ್ಲಿ ನಾವೆಲ್ಲ ಉರ್ದು ಮಾತಾಡೋರು. ಕನ್ನಡ ಅದು ಎಲ್ಲಿ ಕೇಳೈತೆ?" ಅಂದ. ನಾನು ಮೊದಲಾಳಿಗೆ ಈ ವಿಷಯ ಹೇಳಲು ಹೋಗಲಿಲ್ಲ. ಹತ್ತಿಯ ಧೂಳಿಗಿಂತ ಲದ್ದಿ ವಾಸಿ. ಕುದುರೆಗೆ ಯಾವ ಭಾಷೆಯೂ ಬೇಡ, ಹುರುಳಿ ಡಬ್ಬದ ಸದ್ದು ಬೇಕು. ಮೊದಲಾಳಿ ಮಾತ್ರ ಕೊನೆಯವರೆಗೂ ಬಂದವರಿಗೆಲ್ಲ, "ಇದಕ್ಕೆ ಕನ್ನಡ ಬಿಟ್ಟು ಬೇರೆ ಬರಲ್ಲ," ಅಂತ ಹೆಮ್ಮೆಯಿಂದ ಹೇಳಿಕೊಂಡೇ ಇದ್ದರು.

ಸವಾರಿ ಕಲಿಸಲು ಬಂದವರು ಪಾಲಕ್ಕಾಡಿನ ಕಡೆಯವರು, ಸೈನ್ಯದಲ್ಲಿ ಕುದುರೆಗಳ ಜೊತೆ ಇದ್ದು ನಿವೃತ್ತರಾದವರು. ಎಲ್ಲರೂ ಮಾಸ್ಟರ್ ಅನ್ನುತ್ತಿದ್ದೆವು. ಮೀಸೆ ದೊಡ್ಡದು, ಮಾತು ಇನ್ನೂ ದೊಡ್ಡದು. ಮೊದಲ ದಿನವೇ ನಾನು ಬೇಯಿಸಿದ ಹುರುಳಿಯನ್ನು ಮೂಸಿ ನೋಡಿ, "ಇದು ಯಾರಿಗೆ, ಕುದುರೆಗಾ, ಹೆಣ ಹೊರುವವರಿಗಾ?" ಅಂದರು. ಬೆಂದದ್ದು ಸಾಲದು, ಉಪ್ಪು ಸಾಲದು, ನೀರು ಹೆಚ್ಚು. ಮರುವರ್ಷ ಹುರುಳಿಯೇ ಬೇಡ ಅಂತ ಚೀಲದಲ್ಲಿ ಬರುವ ಮೇವು ತರಿಸಿದರು. ಅದರ ಮರುವರ್ಷ ಯಾರೋ ಡಾಕ್ಟರು ಬಂದು ಹುರುಳಿಯೇ ಒಳ್ಳೆಯದು ಅಂದರು. ನಾನು ಅಟ್ಟಕ್ಕೆ ಹಾಕಿದ್ದ ಹಂಡೆ ಮತ್ತೆ ಇಳಿಸಿದೆ. ಇಪ್ಪತ್ತು ವರ್ಷ ಕೆಲಸ ಮಾಡಿದರೆ ಪದ್ಧತಿ ಬದಲಾಗುವುದು ಅಂದರೆ ಇಷ್ಟೇ. ಹಂಡೆ ಮಾರಬೇಡಿ.

ಮಾಸ್ಟರರ ಒಂದು ಕಟ್ಟಳೆ ಮಾತ್ರ ಬದಲಾಗಲಿಲ್ಲ. ಗೊರಸು ಕೆರೆದು ಚೊಕ್ಕ ಮಾಡದವರು ಕುದುರೆ ಹತ್ತುವಂತಿಲ್ಲ. ಮೊದಲಾಳಿ ಮಗಳಾದರೂ ಅಷ್ಟೇ. ಆ ಹುಡುಗಿ ಮೊದಲ ಸಲ ಲದ್ದಿ ಮೆತ್ತಿದ ಗೊರಸನ್ನು ಕೈಗೆತ್ತಿಕೊಂಡು ಓಕರಿಸಿದಳು. ನಾನು, "ಬಿಡು ಅಮ್ಮಿಣಿ, ನಾನು ಮಾಡ್ತೀನಿ," ಅಂದೆ.

"ನೀವು ಮಾಡಿದ್ರೆ ನೀವೇ ಹತ್ತಬೇಕು ಆತ್ತಾ," ಅಂದಳು. ನಮ್ಮ ಕಡೆ ಹಿರಿಯ ಹೆಂಗಸನ್ನು ಆತ್ತಾ, ಹುಡುಗಿಯನ್ನು ಅಮ್ಮಿಣಿ ಅಂತ ಕರೆಯುವುದು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ನಾಲ್ಕು ಕಾಲೂ ಮುಗಿಸಿದಳು. ಒಳ್ಳೆ ಹುಡುಗಿ ಅಂತ ಹೊಗಳುತ್ತಿಲ್ಲ. ಕೋಪಿಷ್ಠೆ. ತಪ್ಪಾಯ್ತು ಅನ್ನುವ ಮಾತು ಅವಳ ಬಾಯಲ್ಲಿ ನಾನು ಕೇಳಿಲ್ಲ. ಹಾರುವಾಗ ಅಡ್ಡಕಂಬ ಬಿದ್ದರೆ ಕಂಬ ಇಟ್ಟವನ ತಪ್ಪು, ಬಿಸಿಲಾದರೆ ನನ್ನ ತಪ್ಪು. ಆದರೆ ಜೀನಿನ ಮೇಲೆ ಕೂತರೆ ಬೇರೆಯವಳೇ ಆಗುತ್ತಿದ್ದಳು. ಅಡ್ಡಕಂಬ ಇಟ್ಟು ಹಾರಿಸುತ್ತಿದ್ದರು, ಒಂದಾದ ಮೇಲೆ ಒಂದು. ಕೆಂದ ಹಾರಿ ಇಳಿಯುವ ಹೊತ್ತಿಗೆ ಅವಳ ಕಣ್ಣು ಮುಂದಿನ ಕಂಬದ ಮೇಲೆ. ದೇಶದ ತಂಡಕ್ಕೆ ಇವಳು ಹೋಗುತ್ತಾಳೆ ಅಂತ ಮಾಸ್ಟರ್ ಬಂದ ಸ್ವಲ್ಪ ದಿನಕ್ಕೇ ಹೇಳಿಬಿಟ್ಟರು. ಹುಡುಗಿ ಆ ಮಾತನ್ನು ಹಿಡಿದುಕೊಂಡಳು, ಬಿಡಲಿಲ್ಲ.

ನನ್ನ ಅಣ್ಣ ನಂಜಪ್ಪನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವನದು ಅವಿನಾಶಿ ಊರಿನ ಪಕ್ಕ ಹೊಲ. ಎತ್ತಿನ ಗಾಡಿ ಓಟದ ಹುಚ್ಚ. ಒಂದು ಸಲ ಲಾಯಕ್ಕೆ ಬಂದು ಹುಡುಗಿ ಕಂಬ ಹಾರುವುದನ್ನು ನೋಡಿ, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಇದೂ ಒಂದು ಆಟವಾ? ನಮ್ಮೂರಲ್ಲಿ ಗೆದ್ದರೆ ಮಾಲೆ ಎತ್ತಿಗೆ ಹಾಕ್ತೀವಿ, ಗಾಡಿ ಹೊಡೆದವನಿಗಲ್ಲ. ನಿಮ್ಮಲ್ಲಿ ಕುದುರೆ ಬೆವರು, ಹುಡುಗಿ ಕೊರಳಿಗೆ ಪದಕ," ಅಂದ.

ಮಾಸ್ಟರ್ ಕೇಳಿಸಿಕೊಂಡರು. "ವಾಂಗ, ಬನ್ನಿ ಗೌಂಡರೇ, ಸುಮ್ಮನೆ ಕೂರೋದು ತಾನೇ? ಕೂತು ತೋರಿಸಿ."

"ನಾನು ಹುಚ್ಚೆತ್ತನ್ನೇ ಹಿಡಿದವನು," ಅಂತ ಅಣ್ಣ ಹತ್ತಿಯೇ ಬಿಟ್ಟ. ಮಾಸ್ಟರ್ ಉದ್ದ ಹಗ್ಗ ಕಟ್ಟಿ ಕೆಂದನನ್ನು ಸುತ್ತಲೂ ಕುಕ್ಕುಲೋಟದಲ್ಲಿ ಓಡಿಸಿದರು. ಜೋರೇನಲ್ಲ. ಅಣ್ಣ ಮೇಲೆ ಹಾರಿದಾಗ ಜೀನು ಕೆಳಗೆ, ಅವನು ಕೆಳಗೆ ಬಂದಾಗ ಜೀನು ಮೇಲೆ. ಪಂಚೆ ಒಂದು ಕಡೆ, ಬೀಡಿ ಒಂದು ಕಡೆ. "ನಿಲ್ಸೋ! ನಿಲ್ಸೋ ಮಾರಾಯಾ! ಹಲ್ಲೆಲ್ಲ ಉದುರ್ತದೆ!" ಅಂತ ಕಿರುಚಿದ. ಇಳಿದ ಮೇಲೆ ಒಂದು ವಾರ ಕಾಲಗಲಿಸಿ ನಡೆದ.

ಮಾಸ್ಟರ್ ನನ್ನ ಕಡೆ ತಿರುಗಿ, "ಈಗೇನಂತೀರಿ ರಂಗಮ್ಮಾ, ಆಟವಾ ಅಲ್ವಾ?" ಅಂದರು.

"ಕಷ್ಟ ಅಂತ ಗೊತ್ತಾಯ್ತು. ಆಟ ಅಂತ ಎಲ್ಲಿ ಗೊತ್ತಾಯ್ತು? ಲದ್ದಿ ಬಾಚೋದೂ ಕಷ್ಟವೇ," ಅಂದೆ. ಅವರಿಗೆ ಸಿಟ್ಟು ಬಂತು. ಸೈನ್ಯದ ಭಾಷೆಯಲ್ಲಿ ಏನೋ ಬೈದರು.

ಈ ಜಗಳ ನಮ್ಮಲ್ಲಿ ಮುಗಿದದ್ದೇ ಇಲ್ಲ. ಮಾಸ್ಟರ್ ಹೇಳುವುದರಲ್ಲಿ ಒಂದು ಮಾತು ನಾನು ಒಪ್ಪುತ್ತೇನೆ. ದೊಡ್ಡ ಆಟಗಳಲ್ಲಿ ಗಂಡಸು ಹೆಂಗಸು ಒಂದೇ ಗೆರೆಯಲ್ಲಿ ನಿಂತು ಸೆಣಸುವುದು ಇದೊಂದರಲ್ಲೇ ಅಂತೆ. ಹೆಣ್ಣಿಗೆ ಕಡಿಮೆ ಎತ್ತರದ ಕಂಬ ಇಡುವುದಿಲ್ಲ. ತಲೆ ನರೆತ ಗಂಡಸೂ ಬರಬಹುದು, ಕಾಲೇಜು ಹುಡುಗಿಯೂ ಬರಬಹುದು. ಮಿಲ್ಲಿನಲ್ಲಿ ಒಂದೇ ಕೆಲಸಕ್ಕೆ ಎರಡು ಕೂಲಿ ಕಂಡವಳು ನಾನು, ಆ ಮಾತು ಹಿಡಿಸಿತು. ಹಿಡಿಸದ್ದು ಇನ್ನೊಂದು. ಚೀನಾದಲ್ಲಿ ಒಲಿಂಪಿಕ್ಸ್ ಆದ ವರ್ಷ ಕುದುರೆಗಳ ಆಟವನ್ನು ಮಾತ್ರ ರೋಗದ ಭಯಕ್ಕೆ ದೂರದ ಹಾಂಗ್‌ಕಾಂಗಿನಲ್ಲಿ ಇಟ್ಟರು. ಅಲ್ಲಿ ಕೆಲವು ಕುದುರೆಗಳ ಮೈಯಲ್ಲಿ ಮೆಣಸಿನಕಾಯಿಯ ಖಾರ ಸಿಕ್ಕಿತು ಅಂತ ಮಾಸ್ಟರ್ ಪೇಪರು ಓದಿ ಹೇಳಿದರು.

"ಖಾರ ಯಾಕೆ?" ಅಂದೆ.

"ನೋವಿಗೆ ಹಚ್ಚುವ ಮುಲಾಮಿನಲ್ಲೂ ಇರುತ್ತೆ. ಕೆಲವರು ಬೇಕಂತಲೇ ಕಾಲಿಗೆ ಹಚ್ಚುತ್ತಾರೆ. ಚರ್ಮ ಉರೀತಿರುತ್ತೆ, ಕಂಬ ತಗಲಿದರೆ ಜೀವ ಹೋದಂಗಾಗುತ್ತೆ. ಆ ಭಯಕ್ಕೆ ಕಾಲು ಎತ್ತಿ ಹಾರುತ್ತೆ."

"ಓಡುವ ಮನುಷ್ಯನ ಕಾಲಿಗೆ ಅವನ ಮಾಸ್ಟರು ಖಾರ ಹಚ್ಚಿದರೆ ಅವನು ಸುಮ್ಮನಿರ್ತಾನಾ?"

"ಅದಕ್ಕೇ ತಾನೇ ಅವರನ್ನ ಹೊರಗೆ ಹಾಕಿದ್ದು!"

"ಸಿಕ್ಕಿಬಿದ್ದವರನ್ನ ಹಾಕಿದರು," ಅಂದೆ. ಮಧು ಪಕ್ಕದಲ್ಲೇ ಕೂತು ಕೆಂದನ ಲಗಾಮು ಒರೆಸುತ್ತಿದ್ದಳು.

ಈಗ ಬನಿಯನ್ನಿನ ಕಥೆ. ಇದನ್ನು ನೆನೆಸಿಕೊಂಡರೆ ಇಂದಿಗೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಮೊದಲಾಳಿ ನೂಲಿನ ವ್ಯಾಪಾರಕ್ಕೆ ಯಾವುದೋ ದೇಶಕ್ಕೆ ಹೋಗಿದ್ದವರು ಅಲ್ಲಿನ ಕುದುರೆ ಮೈದಾನ ನೋಡಿ ಬಂದರು. ಅಲ್ಲಿ ಮರಳಿಗೆ ಬಟ್ಟೆಯ ಎಳೆ ಬೆರೆಸುತ್ತಾರಂತೆ. ನೆಲ ಹಿಡಿತಕ್ಕೆ ಬರುತ್ತದೆ, ಕುದುರೆಯ ಕಾಲಿಗೆ ಮೆತ್ತಗೆ. "ಬಟ್ಟೆ ಚೂರು ತಾನೇ? ತಿರುಪ್ಪೂರು ಪಕ್ಕದಲ್ಲೇ ಇದೆ!" ಅಂದರು. ಮುಂದಿನ ವಾರ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಬಿಸಾಕಿದ ಬಟ್ಟೆ ಲಾರಿ ತುಂಬ ಬಂತು. ಕೆಂಪು, ಹಳದಿ, ಗಿಳಿಹಸಿರು. ಮೈದಾನದ ತುಂಬ ಚೆಲ್ಲಿದಾಗ ದೀಪಾವಳಿ ಅಂಗಡಿ ಒಡೆದು ಬಿದ್ದ ಹಾಗಿತ್ತು.

ಮಾಸ್ಟರ್ ಒಂದು ತುಂಡು ಎತ್ತಿ ಹಿಡಿದು, "ಸಾರ್, ಅಲ್ಲಿ ನೂಲಿನ ಹಾಗೆ ಸಣ್ಣಗೆ ಮಾಡಿರ್ತಾರೆ. ಇದರಲ್ಲಿ ಪೂರಾ ತೋಳೇ ಇದೆ," ಅಂದರು.

"ಬಟ್ಟೆ ವಿಷಯ ನನಗೆ ಹೇಳಿಕೊಡ್ತೀರಾ ಮಾಸ್ಟರ್? ಮೂರು ತಲೆಮಾರಿನಿಂದ ನಾವು ಮಾಡ್ತಿರೋದು ಅದನ್ನೇ," ಅಂದರು ಮೊದಲಾಳಿ. ಮಾಸ್ಟರ್ ತುಂಡು ಬಿಸಾಕಿ ಹೋದರು. ನಾವು ಹೆಂಗಸರು ಸಲಿಕೆ ಹಿಡಿದು ಮರಳಿಗೆ ಬೆರೆಸಿದೆವು. ನನಗೂ ಒಳ್ಳೆಯದೇ ಅನಿಸಿತ್ತು. ನಡೆದರೆ ಹಾಸಿಗೆಯ ಹಾಗೆ ಮೆತ್ತಗಿತ್ತು, ನನ್ನ ಮಂಡಿನೋವಿಗೆ ಸುಖವಾಗಿತ್ತು. ಮಳೆ ಬಂತು. ಬಟ್ಟೆಯೆಲ್ಲ ಒಂದಕ್ಕೊಂದು ಸುತ್ತಿಕೊಂಡು ಮರಳಿನ ಕೆಳಗೆ ಹಗ್ಗದ ಗಂಟಿನ ಹಾಗೆ ಕೂತಿತು. ಮೇಲೆ ನೋಡಿದರೆ ಏನೂ ಕಾಣದು. ಮಧು ಕೆಂದನನ್ನು ಹಾರಿಸಿದಳು. ಕಂಬ ದಾಟಿ ಇಳಿದಾಗ ಎಡ ಮುಂಗಾಲು ಆ ಗಂಟಿನಲ್ಲಿ ಸಿಕ್ಕಿ ತಿರುಚಿತು. ಹುಡುಗಿ ತಲೆಯ ಮೇಲಿಂದ ಹಾರಿಬಿದ್ದು ಬಾಯಿ ತುಂಬ ಮರಳು. ಎದ್ದವಳು ಉಗಿಯಲೂ ಇಲ್ಲ, ಕೆಂದನ ಹತ್ತಿರ ಓಡಿದಳು. ಅದು ಆ ಕಾಲನ್ನು ನೆಲದಿಂದ ಎತ್ತಿ ಹಿಡಿದು ನಿಂತಿತ್ತು. ಗೊರಸಿಗೆ ಒಂದು ಹಳದಿ ಬನಿಯನ್ ತೋಳು ಸುತ್ತಿಕೊಂಡಿತ್ತು.

ದನದ ಆಸ್ಪತ್ರೆಯ ಡಾಕ್ಟರು ಬಂದು ಕಾಲಿನ ಹಿಂದಿನ ನರ ಜಗ್ಗಿದೆ, ಒಂದು ವರ್ಷ ಏನೂ ಮಾಡಿಸಬೇಡಿ ಅಂದರು. ಮೊದಲಾಳಿಗೆ ಅದು ಕೇಳಿಸಲಿಲ್ಲ. ಬೆಂಗಳೂರಿನಲ್ಲಿ ದೇಶದ ತಂಡಕ್ಕೆ ಆರಿಸುವ ಸ್ಪರ್ಧೆ ಅದಕ್ಕಿಂತ ಮೊದಲೇ ಇತ್ತು. ಒಂದು ದಿನ ಲಾಯಕ್ಕೆ ಬಂದು ಮಗಳ ಎದುರಿಗೆ ಹೇಳಿದರು. "ಈ ಸಲ ಸಿಕ್ಕಿದರೆ ಸರಿ. ಇಲ್ಲಾಂದ್ರೆ ಕುದುರೆಗಳನ್ನ ಮಾರಿ ಗೋಡೌನನ್ನ ಬಾಡಿಗೆಗೆ ಕೊಡ್ತೀನಿ. ನೀನು ಮನೇಲಿ ಕೂರು, ಗಂಡು ನೋಡ್ತೀನಿ." ಮಧುವಿಗೆ ಬೇರೆ ಕುದುರೆ ಇರಲಿಲ್ಲವಾ ಅಂದರೆ, ಇನ್ನೆರಡು ಇದ್ದವು, ಅಷ್ಟೆತ್ತರ ಹಾರುವಂಥವಲ್ಲ. ಕೆಂದ ಹೋದರೆ ಅವಳೂ ಹೋಗಬಹುದು. ಕೆಂದ ಕುಂಟಿದರೆ ಅವಳ ತಂಡವೂ ಇಲ್ಲ, ಲಾಯವೂ ಇಲ್ಲ, ನನ್ನ ಕೆಲಸವೂ ಇಲ್ಲ.

ದಿನಾ ಬೆಳಗ್ಗೆ ಸಂಜೆ ತಣ್ಣೀರು ಬಿಟ್ಟೆವು, ಜೇಡಿಮಣ್ಣು ಮೆತ್ತಿದೆವು, ಪಟ್ಟಿ ಸುತ್ತಿದೆವು. ಅಣ್ಣ ಬಂದು ಎತ್ತಿಗೆ ಎಳೆಯುವ ಹಾಗೆ ಕಾಸಿದ ಕಬ್ಬಿಣದಲ್ಲಿ ಬರೆ ಹಾಕಿದರೆ ಆಗಿಹೋಯ್ತು ಅಂದ. ಮಾಸ್ಟರ್ ಅವನನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಹೋದರು. ಸ್ಪರ್ಧೆ ಹತ್ತಿರ ಬರುವ ಹೊತ್ತಿಗೆ ಮೆತ್ತನೆ ನೆಲದಲ್ಲಿ ಕೆಂದ ಚೆನ್ನಾಗಿಯೇ ಓಡಿತು. ಗಟ್ಟಿ ನೆಲದಲ್ಲಿ ಓಡಿಸಿದರೆ ತಲೆ ಆಡುತ್ತಿತ್ತು.

ತಲೆ ಆಡುವುದು ಅಂದರೆ ಏನು ಅಂತ ಕಲಿತುಕೊಳ್ಳಿ. ಮುಂಗಾಲು ನೋಯುವ ಕುದುರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೆತ್ತುತ್ತದೆ, ಒಳ್ಳೆ ಕಾಲು ಊರಿದಾಗ ತಗ್ಗಿಸುತ್ತದೆ. ಸ್ಪರ್ಧೆಗೆ ಮೊದಲು ಡಾಕ್ಟರುಗಳು ನಿಂತು ಇದನ್ನೇ ನೋಡುತ್ತಾರೆ. ಜೀನಿಲ್ಲದ ಕುದುರೆಯನ್ನು ಹಗ್ಗ ಹಿಡಿದು ಗಟ್ಟಿ ದಾರಿಯಲ್ಲಿ ಅವರ ಎದುರಿಗೆ ಓಡಿಸಿಕೊಂಡು ಹೋಗಿ ಬರಬೇಕು. ತಲೆ ಆಡಿದರೆ ಹೊರಗೆ. ಲಾಯದವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಹಗ್ಗವನ್ನು ಗಲ್ಲದ ಕೆಳಗೇ ಗಿಡ್ಡವಾಗಿ ಹಿಡಿದು, ತೋಳು ಬಿಗಿ ಮಾಡಿ, ಪಕ್ಕಕ್ಕೇ ಒತ್ತಿಕೊಂಡು ಓಡಬೇಕು. ತಲೆಗೆ ಆಡಲು ಜಾಗವೇ ಇರುವುದಿಲ್ಲ. ಚೆನ್ನಾಗಿ ಹಿಡಿದರೆ ಸ್ವಲ್ಪ ಕುಂಟು ಮುಚ್ಚಿಹೋಗುತ್ತದೆ. ನಾನು ಚೆನ್ನಾಗಿ ಹಿಡಿಯುತ್ತಿದ್ದೆ. ಇದನ್ನು ಯಾರೂ ನಿಮಗೆ ಕಲಿಸಿಕೊಡುವುದಿಲ್ಲ, ಆದರೆ ಎಲ್ಲರೂ ನಿಮ್ಮಿಂದ ನಿರೀಕ್ಷಿಸುತ್ತಾರೆ.

ಸೇಲಂ ದಾರಿಯಲ್ಲಿ ಲಾರಿ ಹೋಯಿತು. ನಾನು ಹಿಂದೆ ಕೆಂದನ ಪಕ್ಕದಲ್ಲಿ ಹುಲ್ಲಿನ ಮೇಲೆ. ಬೆಂಗಳೂರಿನಲ್ಲಿ ಇಳಿದು ನೀರು ಎಲ್ಲಿ ಸಿಗುತ್ತದೆ ಅಂತ ಕನ್ನಡದಲ್ಲಿ ಕೇಳಿದರೆ ಒಬ್ಬ ಹುಡುಗ, "ಅಜ್ಜೀ, ನೀವು ತಮಿಳಾ ಕನ್ನಡಾನಾ?" ಅಂದ. "ನೀರು ತೋರ್ಸಪ್ಪಾ, ಆಮೇಲೆ ಯೋಚ್ನೆ ಮಾಡೋಣ," ಅಂದೆ. ಅಲ್ಲಿ ಬಂದವರು ಸೈನ್ಯದವರು, ಪೊಲೀಸಿನವರು, ದೊಡ್ಡ ಮನೆಯ ಮಕ್ಕಳು. ಅವರ ಕುದುರೆಗಳ ಮೈ ನಮ್ಮೂರ ಪಾಲಿಶು ಮಾಡಿದ ಪಾತ್ರೆಗಳ ಹಾಗೆ ಹೊಳೆಯುತ್ತಿತ್ತು. ನಮ್ಮ ಕೆಂದನ ಹಣೆಗೆ ನಾನು ಹಾದಿಯಲ್ಲಿ ಒಂದು ಕಡೆ ವಿಭೂತಿ ಹಚ್ಚಿದ್ದೆ. ಮಾಸ್ಟರ್ ಒರೆಸಿಹಾಕಿದರು.

ಮರುದಿನ ಬೆಳಗ್ಗೆ ಡಾಕ್ಟರುಗಳ ಪರೀಕ್ಷೆ. ಸಿಮೆಂಟು ದಾರಿ. ಕುದುರೆಗಳು ಸಾಲಾಗಿ ನಿಂತಿದ್ದವು. ಮಾಸ್ಟರ್ ನನ್ನ ಕಿವಿಯ ಹತ್ತಿರ ಬಂದು, "ಗಿಡ್ಡ ಹಿಡೀರಿ ರಂಗಮ್ಮಾ. ಗಲ್ಲದ ಕೆಳಗೇ," ಅಂದರು. ಮೊದಲಾಳಿ ದೂರದಲ್ಲಿ ಕರವಸ್ತ್ರ ಹಿಂಡುತ್ತ ನಿಂತಿದ್ದರು. ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಸುತ್ತಿ ಹಿಡಿದೆ. ನಮ್ಮ ಮುಂದೆ ಇನ್ನೊಂದೇ ಕುದುರೆ ಇತ್ತು. ಆಗ ಮಧು ಬಂದು ಹಗ್ಗಕ್ಕೆ ಕೈ ಹಾಕಿದಳು.

"ಕೊಡಿ ಆತ್ತಾ."

"ಏನು ಕೊಡೋದು? ಇದು ನನ್ನ ಕೆಲಸ. ಹೋಗಿ ಟೋಪಿ ಹಾಕ್ಕೋ."

"ಸವಾರಿ ಮಾಡೋರೂ ಓಡಿಸಬಹುದು. ಕೇಳಿಕೊಂಡು ಬಂದೆ. ಕೊಡಿ."

"ನಿನಗೆ ಹಿಡಿಯೋಕೆ ಬರಲ್ಲ ಅಮ್ಮಿಣಿ."

"ನೀವು ಹಿಡಿಯೋ ಹಂಗೆ ನಾನು ಹಿಡಿಯಲ್ಲ."

ಮಾಸ್ಟರಿಗೆ ಆಗ ಗೊತ್ತಾಯಿತು. "ಮಧೂ, ಹುಚ್ಚಾಟ ಬೇಡ. ಇಷ್ಟು ವರ್ಷದ ಕಷ್ಟ ಇದು," ಅಂದರು. ಗಲಾಟೆ ಮಾಡುವ ಜಾಗವಲ್ಲ, ಹಲ್ಲು ಕಚ್ಚಿಕೊಂಡು ಹೇಳಿದರು.

ಅವಳು ಅವರ ಕಡೆ ನೋಡಲಿಲ್ಲ. "ಅದರ ಮೇಲೆ ಕೂರೋಳು ನಾನು. ಡಾಕ್ಟರು ನೋಡಲಿ, ಆಮೇಲೆ ಹತ್ತುತೀನಿ," ಅಂದಳು.

ಹೆಸರು ಕೂಗಿದರು. ನನ್ನ ಬೆರಳು ಬಿಡಿಸಿ ಹಗ್ಗ ತೆಗೆದುಕೊಂಡಳು. ಎಳೆದಾಡಿದ್ದರೆ ಎಲ್ಲರೂ ನೋಡುತ್ತಿದ್ದರು, ಅದಕ್ಕೆ ಬಿಟ್ಟೆ. ಇಲ್ಲದಿದ್ದರೆ ಬಿಡುತ್ತಿರಲಿಲ್ಲ. ಅವಳು ಹಗ್ಗವನ್ನು ಮಾರುದ್ದ ಸಡಿಲ ಬಿಟ್ಟು ಪಕ್ಕದಲ್ಲಿ ಓಡಿದಳು. ಸಿಮೆಂಟಿನ ಮೇಲೆ ಲಾಳದ ಸದ್ದು ಕೇಳುತ್ತಿತ್ತು. ಮೂರು ಕಾಲಿನದು ಒಂದು ಥರ, ಎಡ ಮುಂಗಾಲಿನದು ಒಂದು ಥರ. ಕೆಂದನ ತಲೆ ಏತದ ಮರದ ಹಾಗೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಡಾಕ್ಟರು ಇನ್ನೊಂದು ಸಲ ಅಂದರು. ಇನ್ನೊಂದು ಸಲವೂ ಹಾಗೇ, ಸಡಿಲವಾಗೇ. ಆಗುವುದಿಲ್ಲ ಅಂದುಬಿಟ್ಟರು. ಅಷ್ಟೇ. ಕಂಬ ಹಾರಲಿಲ್ಲ, ಜೀನು ಹಾಕಲಿಲ್ಲ, ಅವಳ ಕಪ್ಪು ಕೋಟು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ.

ನಾನು ಅವಳನ್ನು ಬೈದೆ. ಲಾರಿಯ ಹಿಂದೆ ನಿಲ್ಲಿಸಿಕೊಂಡು ಬಾಯಿಗೆ ಬಂದ ಹಾಗೆ ಬೈದೆ. "ನಿನ್ನದೂ ಹೋಯ್ತು, ನನ್ನದೂ ಹೋಯ್ತು, ದರಿದ್ರದವಳೇ! ಇದು ಕಟುಕನಿಗೆ ಹೋಗಲಿ ಅಂತಾನಾ?" ಅಂದೆ. ಅವಳು ಕೆಂದನ ಕಾಲಿಗೆ ಪಟ್ಟಿ ಸುತ್ತುತ್ತಲೇ ಇದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು.

ಮೊದಲಾಳಿ ಬಂದರು. ಕೂಗಲಿಲ್ಲ, ಅದು ಇನ್ನೂ ಭಯ. "ಹೇಳಿದ ಮಾತು ಹೇಳಿದ್ದೇ. ಮೂರನ್ನೂ ಮಾರ್ತೀನಿ," ಅಂದರು.

"ಮಾರಿ ಅಪ್ಪಾ," ಅಂದಳು ತಲೆ ಎತ್ತದೆ. "ಕೆಂದನ್ನ ಯಾರು ತಗೋತಾರೆ? ಕುಂಟು ಅಂತ ಎಲ್ಲರ ಎದುರಿಗೇ ನೋಡಿದ್ದಾರಲ್ಲ."

ನಿಜ. ದೇಶದಲ್ಲಿ ಕುದುರೆ ಕೊಳ್ಳುವವರೆಲ್ಲ ಆ ಬೆಳಗ್ಗೆ ಆ ಸಿಮೆಂಟು ದಾರಿಯ ಎರಡೂ ಕಡೆ ನಿಂತಿದ್ದರು. ಹುಡುಗಿ ಇದನ್ನು ಮೊದಲೇ ಲೆಕ್ಕ ಹಾಕಿದ್ದಳಾ, ಆ ಹೊತ್ತಿಗೆ ಹೊಳೆದು ಹೇಳಿದಳಾ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ಹೇಳುವವಳಲ್ಲ.

ಉಳಿದೆರಡು ಕುದುರೆ ಹೋದವು. ಮಾಸ್ಟರ್ ಊಟಿಯ ಯಾವುದೋ ಶಾಲೆಗೆ ಸೇರಿಕೊಂಡರು. ಗೋಡೌನಿನ ಮುಕ್ಕಾಲು ಭಾಗ ಬಾಡಿಗೆಗೆ ಹೋಗಿ ಅಟ್ಟೆಪೆಟ್ಟಿಗೆ, ಅಂದರೆ ರಟ್ಟಿನ ಡಬ್ಬ, ತುಂಬಿಕೊಂಡಿತು. ಒಂದು ಮೂಲೆಯಲ್ಲಿ ಕೆಂದ. ಯಾರಿಗೂ ಬೇಡದ್ದು, ಮೊದಲಾಳಿಗೆ ಕಟುಕನಿಗೆ ಕೊಡಲು ನಾಚಿಕೆ. ಮೇವು ಹಾಕಲು ಒಬ್ಬರು ಬೇಕಲ್ಲ, ನಾನು ಉಳಿದೆ. ಕುಂಟು ಕುದುರೆಯೊಂದಿಗೆ ಸುಮಾರು ವರ್ಷ ಕೆಲಸ ನಡೆಯಿತು. ಅದು ಮುದಿಯಾಗಿ ಸತ್ತ ಮೇಲೆ ನಾನೂ ಮನೆಗೆ ಬಂದೆ.

ಅದಕ್ಕೆ ಮೊದಲಿನ ಒಂದು ಮಧ್ಯಾಹ್ನ ಹೇಳಿ ನಿಲ್ಲಿಸುತ್ತೇನೆ. ಮಧುವಿಗೆ ಮದುವೆಯಾಗಿತ್ತು, ಕರುಮತ್ತಂಪಟ್ಟಿಯಲ್ಲಿ ಗಂಡನ ಮಗ್ಗದ ಲೆಕ್ಕ ನೋಡುತ್ತಿದ್ದಳು. ಆಗಾಗ ಬಂದು ಕೆಂದನ ಗೊರಸು ಕೆರೆದು ಹೋಗುತ್ತಿದ್ದಳು. ಅಟ್ಟೆಪೆಟ್ಟಿಗೆಯವರ ಟೀವಿಯಲ್ಲಿ ಯಾವುದೋ ದೇಶದ ದೊಡ್ಡ ಆಟ ಬರುತ್ತಿತ್ತು, ಕುದುರೆಗಳು ಕಂಬ ಹಾರುತ್ತಿದ್ದವು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಕೈಯಲ್ಲಿ ಗೊರಸು ಕೆರೆಯುವ ಕೊಕ್ಕೆ ಹಾಗೇ ಇತ್ತು. ಟೀವಿಯ ಕುದುರೆ ಹಾರುವ ಮೊದಲೇ ಅವಳ ಹಿಮ್ಮಡಿ ನೆಲದಿಂದ ಏಳುತ್ತಿತ್ತು.

ನನಗೆ ರೇಗಿತು. "ಇದನ್ನೆಲ್ಲ ಆ ದೊಡ್ಡ ಆಟದಿಂದ ತೆಗೆದುಹಾಕಬೇಕು ಅಮ್ಮಿಣಿ. ಖಾರ ಹಚ್ಚೋರು, ಹಗ್ಗ ಹಿಡಿಯೋರು. ಓಡೋ ಮನುಷ್ಯರು ಓಡ್ಲಿ, ಸಾಕು. ನೀನಾದರೂ ಹೌದು ಅನ್ನು," ಅಂದೆ.

"ಬೇಡ ಆತ್ತಾ. ಇರಬೇಕು."

"ಇಷ್ಟೆಲ್ಲ ಆದ ಮೇಲೂ? ಯಾಕೆ?"

ಅವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಕೆಂದನ ಕಾಲು ಸರಿಯಾಗಿದ್ದಿದ್ರೆ ಇವರನ್ನೆಲ್ಲ ನಾನು ಸೋಲಿಸ್ತಿದ್ದೆ," ಅಂದಳು.

ನಿಮ್ಮನ್ನು ಜನ ಬಸ್ಸಿನಲ್ಲಿ ಆ ಒಲಿಂಪಿಕ್ಸ್ ಪ್ರಶ್ನೆ ಕೇಳಿದಾಗ ನನ್ನ ಹತ್ತಿರ ಕಳಿಸಬೇಡಿ. ಕರುಮತ್ತಂಪಟ್ಟಿಗೆ, ಮಧು ಹತ್ತಿರ ಕಳಿಸಿ.